ಮಂಡ್ಯದ ಲ್ಯಾಬಿನಲ್ಲಿ ಜಾವಾಎಫ್‌ಎಕ್ಸ್ ಕೂರಿಸಿದ ದಿನ

ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೆ ತಾವು ಬರೆದದ್ದು ಪರದೆ ಮೇಲೆ ವಿಂಡೋ ಆಗಿ ತೆರೆದುಕೊಂಡಾಗ ಆಗುವ ಖುಷಿಯೇ ಬೇರೆ. ಅದಕ್ಕೂ ಮುಂಚೆ ಅರ್ಧ ಪಿರಿಯಡ್ ಸೆಟಿಂಗ್‌ನಲ್ಲೇ ಕಳೆದುಹೋದರೆ ನನಗೆ ಹೊಟ್ಟೆ ಉರಿಯುತ್ತೆ. ಮೈಸೂರಿಂದ ಬೆಳಗಿನ ಟ್ರೈನ್ ಹತ್ತಿ ಮಂಡ್ಯದ ಕಾಲೇಜೊಂದರ ಲ್ಯಾಬಿಗೆ ಹೋಗಿದ್ದು ಇದಕ್ಕೇ. ಅಲ್ಲಿ ಪಾಠ ಮಾಡುವ ಗೆಳತಿ ಫೋನಿನಲ್ಲಿ, "ಜಾವಾ ಇದೆ ಕಣೋ, ವಿಂಡೋನೇ ಬರ್ತಿಲ್ಲ, ಒಂದ್ಸಲ ಬಂದು ನೋಡು" ಅಂದಿದ್ದಳು.

ಒಬ್ಬ ಹುಡುಗಿ ಅಪ್ಪನಿಗೋಸ್ಕರ ಕಬ್ಬಿನ ಲೆಕ್ಕದ ಪ್ರೋಗ್ರಾಂ ಮಾಡಿದ್ದಳು. ಎಷ್ಟು ಟನ್, ಟನ್ನಿಗೆ ಎಷ್ಟು, ಕಟಾವಿನ ಕೂಲಿ, ಲಾರಿ ಬಾಡಿಗೆ ಎಲ್ಲ ಕಳೆದು ಕೈಗೆ ಎಷ್ಟು ಬರುತ್ತೆ ಅಂತ. "ಮನೇಲಿ ಓಡುತ್ತೆ ಸರ್, ಇಲ್ಲಿ ಮಾತ್ರ ಓಡಲ್ಲ" ಅಂದಳು. ಅವಳದೇನೂ ತಪ್ಪಿರಲಿಲ್ಲ. ಅವಳ ಮನೆಯಲ್ಲಿದ್ದದ್ದು ಒರಾಕಲ್‌ನ ಜಾವಾ 8, ಅದರೊಳಗೆ ಜಾವಾದಲ್ಲಿ ವಿಂಡೋ, ಬಟನ್ ಎಲ್ಲ ಮಾಡಿಕೊಡುವ ಜಾವಾಎಫ್‌ಎಕ್ಸ್ ಸೇರೇ ಬರುತ್ತಿತ್ತು. 2018ರಲ್ಲಿ ಬಂದ ಜಾವಾ 11ರಿಂದ ಅದನ್ನು ಹೊರಗೆ ತೆಗೆದರು. ಲ್ಯಾಬಿನ ಉಬುಂಟುವಿನಲ್ಲಿ ಜಾವಾ 17 ಇತ್ತು.

ಜಾವಾಎಫ್‌ಎಕ್ಸ್ ಬೇರೆಯಾಗಿ ತಂದು, ಅದು ಎಲ್ಲಿದೆ, ಅದರ ಯಾವ ಮಾಡ್ಯೂಲ್ (ಭಾಗ) ಬೇಕು ಅಂತ ಹೇಳೋಕೆ ಪ್ರತಿ ಸಲ ಕಮಾಂಡಿನಲ್ಲಿ ಮಾಡ್ಯೂಲ್-ಪಾತ್, ಆಡ್-ಮಾಡ್ಯೂಲ್ಸ್ ಅಂತ ಉದ್ದುದ್ದ ಟೈಪ್ ಮಾಡಿಸಬಹುದು, ಆದರೆ ಅದು ಮಕ್ಕಳಿಗೆ ಸುಮ್ನೆ ಹಿಂಸೆ. ಜೆಡಿಕೆ_ಜಾವಾ_ಆಪ್ಷನ್ಸ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ಲಿನಲ್ಲಿ (ಸಿಸ್ಟಮ್ಮಿನಲ್ಲಿ ಹೆಸರಿಟ್ಟು ಬರೆದಿಡುವ ಸೆಟಿಂಗ್) ಒಂದೇ ಸಲ ಬರೆದಿಡಬಹುದು ಅಲ್ವಾ ಅಂತ ಗೆಳತಿ ಕೇಳಿದಳು. ಬರೆದಿಡಬಹುದು, ಆದರೆ ಅದನ್ನು ನೋಡುವುದು ಪ್ರೋಗ್ರಾಂ ಓಡಿಸುವ ಜಾವಾ ಕಮಾಂಡ್ ಮಾತ್ರ, ಕಂಪೈಲ್ ಮಾಡುವ ಜಾವಾಸಿ ನೋಡಲ್ಲ. ಕಂಪೈಲ್ ಮಾಡುವಾಗ ಮತ್ತೆ ಅದೇ ಗೋಳು. ಜೊತೆಗೆ ಪ್ರತಿ ಸಲ ರನ್ ಮಾಡಿದಾಗಲೂ ಮೇಲೊಂದು ನೋಟ್ ಸಾಲು ಬರುತ್ತೆ, ಹೊಸಬರು ಅದನ್ನೇ ಎರರ್ ಅಂದುಕೊಳ್ಳುತ್ತಾರೆ.

ನನಗೆ ಸರಿ ಅನ್ನಿಸುವ ದಾರಿ ಜೆಲಿಂಕ್. ಜಾವಾ 9ರಿಂದ ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯುವವರ ಕಿಟ್) ಜೊತೆಗೇ ಬರುವ ಇದು ಬೇಕಾದ ಮಾಡ್ಯೂಲ್‌ಗಳನ್ನು ಸೇರಿಸಿ ನಮ್ಮದೇ ಒಂದು ರನ್‌ಟೈಮ್, ಅಂದ್ರೆ ಪ್ರೋಗ್ರಾಂ ಓಡಿಸುವ ಜಾವಾ, ಕಟ್ಟಿಕೊಡುತ್ತೆ. ಇಲ್ಲಿ ಗಮನ ಇಡಬೇಕಾದದ್ದು ಒಂದೇ. ಜಾವಾಎಫ್‌ಎಕ್ಸ್ ಡೌನ್‌ಲೋಡ್ ಎರಡು ಥರ ಸಿಗುತ್ತೆ, ಎಸ್‌ಡಿಕೆ ಮತ್ತು ಜೆಮಾಡ್ಸ್. ಕಟ್ಟುವುದಕ್ಕೆ ಬೇಕಿರುವುದು ಜೆಮಾಡ್ಸ್, ಯಾಕಂದ್ರೆ ಪರದೆ ಮೇಲೆ ಚಿತ್ರ ಬರೆಯುವ ನೇಟಿವ್ ಫೈಲ್‌ಗಳೂ ಅದರೊಳಗೇ ಇರುತ್ತವೆ. ಅದೂ ಲಿನಕ್ಸಿನದ್ದು ಲಿನಕ್ಸಿಗೆ, ವಿಂಡೋಸಿನದ್ದು ವಿಂಡೋಸಿಗೆ. ಪೆನ್‌ಡ್ರೈವಿನಲ್ಲಿ ತಂದಿದ್ದೆ. ಮಾಡ್ಯೂಲ್-ಪಾತ್‌ನಲ್ಲಿ ಜೆಡಿಕೆಯ ಜೆಮಾಡ್ಸ್ ಫೋಲ್ಡರ್, ಕೋಲನ್ ಹಾಕಿ ಜಾವಾಎಫ್‌ಎಕ್ಸ್‌ದು, ಆಮೇಲೆ ಅಲ್ಲಿರುವುದೆಲ್ಲ ಸೇರಲಿ ಅಂತ ಆಡ್-ಮಾಡ್ಯೂಲ್ಸ್‌ಗೆ ಆಲ್-ಮಾಡ್ಯೂಲ್-ಪಾತ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಹೊಸ ಫೋಲ್ಡರ್ ಬಂತು, ಒಳಗೆ ಜಾವಾ, ಜಾವಾಸಿ ಎರಡೂ. ಅದರ ಬಿನ್ ಫೋಲ್ಡರ್, ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕು ಅಂತ ಹೇಳುವ ಪಾತ್ ಪಟ್ಟಿಯಲ್ಲಿ ಮೊದಲು ಬರುವ ಹಾಗೆ ಬರೆದು ಎಲ್ಲ ಮಶೀನುಗಳಿಗೂ ಕಾಪಿ ಮಾಡಿದೆವು. ಲಿಸ್ಟ್-ಮಾಡ್ಯೂಲ್ಸ್ ಕೊಟ್ಟು ನೋಡಿದರೆ ಬೇಸ್, ಗ್ರಾಫಿಕ್ಸ್, ಕಂಟ್ರೋಲ್ಸ್, ಎಫ್‌ಎಕ್ಸ್‌ಎಂಎಲ್, ಮೀಡಿಯಾ, ಸ್ವಿಂಗ್, ವೆಬ್ ಎಲ್ಲ ಸಾಲಾಗಿ ಕೂತಿದ್ದವು.

ಹುಡುಗಿ ಬರೀ ಜಾವಾಸಿ, ಆಮೇಲೆ ಜಾವಾ ಅಂತ ಕೊಟ್ಟಳು. ವಿಂಡೋ ಬಂತು. "ಕಟಾವು ಕೂಲಿ" ಅನ್ನೋ ಲೇಬಲ್ಲಿನಲ್ಲಿ ಅಕ್ಷರ ಒಡೆಯದೆ ಚೆನ್ನಾಗಿ ಕೂತಿತ್ತು. ಪಕ್ಕದವರೆಲ್ಲ ಅವಳ ಮಶೀನಿನ ಸುತ್ತ ಸೇರಿಬಿಟ್ಟರು.

ಇಷ್ಟೆಲ್ಲ ಬೇಡ ಅನ್ನುವವರಿಗೆ ಬೇರೆ ಕಂಪನಿಗಳು ಕಟ್ಟಿಕೊಡುವ ಜಾವಾಗಳಾದ ಲಿಬೆರಿಕಾದ ಫುಲ್ ಆವೃತ್ತಿ, ಜುಲುವಿನ ಎಫ್‌ಎಕ್ಸ್ ಆವೃತ್ತಿ ಇವೆ, ಜಾವಾಎಫ್‌ಎಕ್ಸ್ ಸೇರಿಸಿಯೇ ಕೊಡುತ್ತಾರೆ. ನಾವೇ ಕಟ್ಟಿದ ಫೋಲ್ಡರ್‌ಗೆ ಉಬುಂಟುವಿನ ಅಪ್‌ಡೇಟ್ ತಾಗುವುದಿಲ್ಲ, ಜಾವಾಗೆ ಸೆಕ್ಯುರಿಟಿ ಪ್ಯಾಚ್ ಬಂದಾಗ ಮತ್ತೆ ಕಟ್ಟಬೇಕು. ಅದಕ್ಕೆ ಕಮಾಂಡನ್ನು ಸ್ಕ್ರಿಪ್ಟ್ ಮಾಡಿ ಗೆಳತಿಯ ಮಶೀನಿನಲ್ಲಿ ಇಟ್ಟಿದ್ದೇನೆ, ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಓಡಿಸುತ್ತೇನೆ ಅಂದಿದ್ದಾಳೆ.