ಹೆಬ್ರಿಯ ಮಳೆಗೆ ತಕ್ಕ ಚೂರಿ

ನನ್ನ ಮೊದಲ ಕಾಡಿನ ಚೂರಿಯ ಹಿಡಿಯೊಳಗೆ ಎರಡು ಗಾಳ, ಒಂದು ಸೂಜಿ ಮತ್ತು ಐದು ಬೆಂಕಿಕಡ್ಡಿಗಳಿದ್ದವು. ಹಿಡಿಯ ಮುಚ್ಚಳದಲ್ಲಿ ದಿಕ್ಸೂಚಿ, ಅಲಗಿನ ಬೆನ್ನಿಗೆ ಗರಗಸದ ಹಲ್ಲು, ಮೈಗೆಲ್ಲ ಕಪ್ಪು ಬಣ್ಣ. ಉಡುಪಿಯ ಬಾಡಿಗೆ ಮನೆಯ ಜಗಲಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಹೆಂಡತಿ, "ಯಾರ ಮೇಲೆ ಯುದ್ಧ?" ಎಂದು ಕೇಳಿದಳು. ಯುದ್ಧ ನಡೆದದ್ದು ಹೆಬ್ರಿಯ ನಮ್ಮ ತೋಟದಲ್ಲಿ, ತೆಂಗಿನ ಒಣ ಕೊತ್ತಳಿಗೆಯೊಂದರ ಮೇಲೆ. ಸೀಳಲೆಂದು ಚೂರಿಯ ಬೆನ್ನಿಗೆ ಕೊರಡಿನಿಂದ ಮೂರನೆಯ ಪೆಟ್ಟು ಕೊಟ್ಟಾಗ ಅಲಗು ಕೊತ್ತಳಿಗೆಯಲ್ಲೇ ಉಳಿಯಿತು, ಹಿಡಿ ನನ್ನ ಕೈಗೆ ಬಂತು.

ಟೊಳ್ಳು ಹಿಡಿ. ಅಲಗಿನ ಉಕ್ಕು ಅದರೊಳಗೆ ಒಂದು ಇಂಚೂ ಹೋಗಿರಲಿಲ್ಲ; ಇಡೀ ಚೂರಿ ಒಂದು ಬೋಲ್ಟಿನ ಮೇಲೆ ನಿಂತಿತ್ತು. ಗಾಳ, ಸೂಜಿಗಳಿಗೆ ಜಾಗ ಮಾಡಿಕೊಡಲು ಉಕ್ಕನ್ನೇ ಹೊರಗಿಟ್ಟಿದ್ದರು. ದಿಕ್ಸೂಚಿಯಂತೂ ಉತ್ತರವನ್ನು ಬಿಟ್ಟು ಪಕ್ಕದ ಉಕ್ಕಿನ ಕಡೆಗೇ ಮುಖ ಮಾಡುತ್ತಿತ್ತು.

ಎರಡು ತುಂಡನ್ನೂ ನಮ್ಮೂರ ಆಚಾರಿಯವರ ಕುಲುಮೆಗೆ ಒಯ್ದೆ. ಅವರು ತಿರುಗಿಸಿ ನೋಡಿ, "ಇದು ಮಕ್ಕಳ ಆಟದ ಸಾಮಾನು ಮಾರಾಯರೆ" ಎಂದು ಪಕ್ಕಕ್ಕೆ ಇಟ್ಟರು. ಆಮೇಲೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಕೆಂಡಕ್ಕೆ ತಳ್ಳಿದರು. ಬಡಿದು ರೂಪ ಬಂದ ಮೇಲೆ ಹದ ಹಾಕುವ ಹೊತ್ತಿಗೆ ಬಾಗಿಲು ಮುಂದೆ ಮಾಡಿಸಿದರು. ಬಿಸಿಲಿನಲ್ಲಿ ಉಕ್ಕಿನ ಬಣ್ಣ ತಿಳಿಯುವುದಿಲ್ಲವಂತೆ. "ಹಣ್ಣಡಿಕೆಯ ಬಣ್ಣ ಬರಬೇಕು" ಎಂದರು. ನನ್ನ ಬಳಿ ಹಳೆಯ ಸ್ಪೀಕರಿನ ಅಯಸ್ಕಾಂತವಿತ್ತು. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಅವರು ಬಣ್ಣ ಬಂತು ಎಂದಾಗ ತಂತಿಗೆ ಕಟ್ಟಿ ಹತ್ತಿರ ಹಿಡಿದೆ. ಅಂಟಲಿಲ್ಲ. ಆಚಾರಿಯವರು ನನ್ನನ್ನು ನೋಡಿದ ರೀತಿಯಲ್ಲಿ ಮೆಚ್ಚುಗೆಯೇನೂ ಇರಲಿಲ್ಲ. ಎಣ್ಣೆಯಲ್ಲಿ ಅದ್ದಿದ ಅಲಗನ್ನು ಮತ್ತೆ ಹದವಾಗಿ ಕಾಯಿಸಿದರು. ಹಾಗೆಯೇ ಬಿಟ್ಟರೆ ಗಾಜಿನ ಬಳೆಯಂತೆ ಒಡೆಯುತ್ತದೆ.

ಆ ಕತ್ತಿ ಇಂದಿಗೂ ಗಟ್ಟಿಯಾಗಿದೆ. ಎಳನೀರಿನ ಬೊಂಡ ಕೆತ್ತಲು, ಸೌದೆ ಸೀಳಲು ಅದನ್ನು ಮೀರಿಸಿದ್ದಿಲ್ಲ. ಆದರೆ ಬೆನ್ನು ಐದು ಮಿಲಿಮೀಟರ್ ದಪ್ಪ. ಮುಳ್ಳುಸೌತೆಯನ್ನು ಕೊಯ್ಯುವ ಬದಲು ಒಡೆಯುತ್ತದೆ. ಆಟಿ ತಿಂಗಳ ಮಳೆಯಲ್ಲಿ ಎರಡು ದಿನ ಮರೆತರೆ ಮೈಯೆಲ್ಲ ಕಂದು. ಅದಕ್ಕೆಂದು ಆಸೆಯಿಂದ ಹೊಲಿಸಿದ ಚರ್ಮದ ಒರೆಯಲ್ಲಿ ಬೂಷ್ಟು ಬಂತು. ನೆನೆದ ಚರ್ಮ ತುಕ್ಕಿಗೆ ತವರುಮನೆಯೆಂದು ಆಗ ತಿಳಿಯಿತು. ಮಧ್ಯದಲ್ಲಿ ಮರದ ಹಿಡಿಯ ಮಡಚುವ ಚೂರಿಯೊಂದನ್ನೂ ಕೊಂಡೆ. ಮಳೆಯಲ್ಲಿ ಮರ ನೀರು ಕುಡಿದು ಊದಿಕೊಂಡು, ಬೇಕಾದಾಗ ಬಿಚ್ಚಿಕೊಳ್ಳಲೇ ಇಲ್ಲ.

ಈಗ ನನ್ನ ಚೀಲದಲ್ಲಿರುವುದು ಸ್ವೀಡನ್ನಿನ ಮೋರಾ ಕಂಪ್ಯಾನಿಯನ್, ಸ್ಟೇನ್‌ಲೆಸ್ ಉಕ್ಕಿನದು. ಅಲಗು ಹತ್ತು ಸೆಂಟಿಮೀಟರ್ ಚಿಲ್ಲರೆ, ದಪ್ಪ ಎರಡೂವರೆ ಮಿಲಿಮೀಟರ್. ನೋಡಿದರೆ ಯಾರಿಗೂ ಭಯವಾಗುವುದಿಲ್ಲ. ಇದರ ಉಕ್ಕು ಹಿಡಿಯ ತುದಿಯವರೆಗೆ ಹೋಗುವುದಿಲ್ಲ, ನಿಜ. ಹಾಗಾಗಿ ದಪ್ಪ ಕಟ್ಟಿಗೆಯ ಮೇಲಿಟ್ಟು ಬಡಿಯುವ ಕೆಲಸಕ್ಕೆ ಇದನ್ನು ತೆಗೆಯುವುದಿಲ್ಲ. ಅದಕ್ಕೆ ಆಚಾರಿಯವರ ಕತ್ತಿಯಿದೆ. ಹಗ್ಗ ತುಂಡರಿಸಲು, ಗೂಟ ಚೂಪು ಮಾಡಲು, ಮಾವಿನಕಾಯಿ ಹೆಚ್ಚಲು ಇದು ಸಾಕು. ಪ್ಲಾಸ್ಟಿಕ್ ಒರೆಯ ತಳದಲ್ಲಿ ನೀರು ಇಳಿಯಲು ತೂತಿದೆ. ಕೊಳ್ಳುವಾಗ ನಾನು ಮೊದಲು ಹುಡುಕುವುದು ಈ ತೂತನ್ನೇ. ಸ್ಟೇನ್‌ಲೆಸ್ ಎಂದು ಮೈಮರೆಯುವಂತಿಲ್ಲ. ಮಲ್ಪೆಯ ಉಪ್ಪುಗಾಳಿಗೆ ಅದಕ್ಕೂ ಚುಕ್ಕೆ ಬೀಳುತ್ತದೆ. ತೊಳೆದು, ಒರೆಸಿ, ಎರಡು ಹನಿ ತೆಂಗಿನೆಣ್ಣೆ ಸವರಿ ಇಡುತ್ತೇನೆ.

ಇಷ್ಟೆಲ್ಲ ಹೇಳಿ, ಚಾರಣಕ್ಕೆ ಇದನ್ನು ಒಯ್ಯುತ್ತೇನೆಯೇ ಎಂದು ಕೇಳಿದರೆ, ಇಲ್ಲ. ಘಟ್ಟದ ಕಡೆಯ ಚೆಕ್‌ಪೋಸ್ಟೊಂದರಲ್ಲಿ ಒಮ್ಮೆ ಅರಣ್ಯ ರಕ್ಷಕರು ನನ್ನ ಚೀಲ ನೋಡಿ ಕೇಳಿದರು: "ಒಳಗೆ ಬೆಂಕಿ ಹಾಕುವ ಹಾಗಿಲ್ಲ, ಕೊಂಬೆ ಕಡಿಯುವ ಹಾಗಿಲ್ಲ. ಮತ್ತೆ ಚೂರಿ ಯಾಕೆ ಸರ್?" ಉತ್ತರ ನನ್ನಲ್ಲಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧಗಳ ಸಾಲಿನಲ್ಲಿ ಚೂರಿಯನ್ನೂ ಸೇರಿಸಿದೆ. ಲಿಖಿತ ಅನುಮತಿಯಿಲ್ಲದೆ ಅದನ್ನು ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ. ಸೋಮೇಶ್ವರ ಅಭಯಾರಣ್ಯವಾಗಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಲಿ, ನಮ್ಮ ಸುತ್ತಲಿನ ಕಾಡಿನ ಹೆಚ್ಚಿನ ಪಾಲಿಗೆ ಇದು ಅನ್ವಯಿಸುತ್ತದೆ. ಕಾಡಿನ ಚೂರಿಯೆಂದು ಮಾರುವವರು ಈ ಮಾತನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದಿಲ್ಲ.

ಹಾಗಾಗಿ ನನ್ನ ಚೂರಿಯ ಕಾಡು ಎಂದರೆ ಅಪ್ಪಯ್ಯನ ತೋಟ ಮತ್ತು ಅದರಾಚೆಯ ಹೊಳೆಬದಿ. ಕಳೆದ ಜುಲೈಯಲ್ಲಿ ಅಲ್ಲಿ ಟಾರ್ಪಾಲ್ ಕಟ್ಟಿ ಕುಳಿತಿದ್ದೆವು. ನೆಲದ ಕಟ್ಟಿಗೆಯೆಲ್ಲ ನೀರು ಕುಡಿದಿತ್ತು. ಮುರಿದು ಮರದಲ್ಲೇ ಸಿಕ್ಕಿಕೊಂಡಿದ್ದ ಒಣ ಕೊಂಬೆಯೊಂದನ್ನು ಎಳೆದು ತಂದು ಆಚಾರಿಯವರ ಕತ್ತಿಯಿಂದ ಸೀಳಿದೆ. ಸಿಪ್ಪೆ ಒದ್ದೆ, ಒಳತಿರುಳು ಒಣ. ಆಮೇಲೆ ಸಣ್ಣ ಚೂರಿಯಿಂದ ಆ ತಿರುಳನ್ನು ಮೇಲಿನಿಂದ ಕೆಳಕ್ಕೆ ಹೆರೆಯುತ್ತ ಬಂದೆ, ತುದಿಯಲ್ಲಿ ತುಂಡಾಗದಂತೆ. ಕಾಗದದಷ್ಟು ತೆಳ್ಳಗಿನ ಸುರುಳಿಗಳು ಒಂದರ ಮೇಲೊಂದು ಎದ್ದು, ಕಡ್ಡಿಯ ತುದಿ ಕೇಪಳದ ಹೂಗೊಂಚಲಿನಂತೆ ಕೆದರಿ ನಿಂತಿತು. ಅಂತಹ ನಾಲ್ಕು ಕಡ್ಡಿ, ಒಂದು ಲೈಟರ್.

ಚಹಾ ಕುಡಿದಾದ ಮೇಲೆ ಅಪ್ಪಯ್ಯ ಚೂರಿಯನ್ನು ಕೈಗೆತ್ತಿಕೊಂಡು, ಹೆಬ್ಬೆರಳಿನ ಉಗುರಿನ ಮೇಲೆ ಬಾಯಿಯ ಹರಿತ ನೋಡಿದರು. "ಅಡಿಕೆ ಹಾಳೆ ಕೊಯ್ಯಲು ಒಳ್ಳೆಯದುಂಟು. ಇಲ್ಲೇ ಇರಲಿ" ಎಂದರು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಉಡುಪಿಗೆ ಮರಳಿದ ಮೇಲೆ ಇನ್ನೊಂದು ತರಿಸಿಕೊಂಡೆ.