ಒಬ್ಬ ಆಟಗಾರ, ಮೂರು ಜೆರ್ಸಿ: ಮಾಲೆಯ ಲೀಗ್‌ನಲ್ಲಿ ಫಿಸಿಯೋ ಕೆಲಸ

ಫುಟ್‌ಬಾಲ್ ಕ್ಲಬ್‌ನಲ್ಲಿ ಫಿಸಿಯೋ ಆಗಿದ್ದೆ ಅಂದರೆ ಜನ ಕಣ್ಣರಳಿಸುತ್ತಾರೆ. ಜಿಪಿಎಸ್ ಜಾಕೆಟ್, ಐಸ್ ಬಾತ್, ತಂಡದ ಜೊತೆ ವಿಮಾನದಲ್ಲಿ ಓಡಾಟ ಅಂತೆಲ್ಲ ಅಂದುಕೊಳ್ಳುತ್ತಾರೆ. ನಾನಿದ್ದದ್ದು ಮಾಲ್ಡೀವ್ಸ್‌ನ ದಿವೇಹಿ ಪ್ರೀಮಿಯರ್ ಲೀಗ್‌ನಲ್ಲಿ. ಅಲ್ಲಿ ಐಸ್ ಮೀನಿನ ಬಂದರಿನ ಕಡೆಯಿಂದ ಚೀಲದಲ್ಲಿ ಬರುತ್ತಿತ್ತು. 'ಅವೇ' ಮ್ಯಾಚ್‌ಗೆ ಸ್ಕೂಟರ್‌ನಲ್ಲಿ ಹೋಗುತ್ತಿದ್ದೆ. ಹೋಮ್ ಮ್ಯಾಚ್‌ಗೂ ಅದೇ ಸ್ಕೂಟರ್, ಅದೇ ಸ್ಟೇಡಿಯಂ.

ಇದು ತಮಾಷೆಗೆ ಹೇಳಿದ್ದಲ್ಲ. ದೊಡ್ಡ ಕ್ಲಬ್‌ಗಳೆಲ್ಲ ರಾಜಧಾನಿ ಮಾಲೆಯವೇ. ಮಾಜಿಯಾ, ವೆಲೆನ್ಸಿಯಾ, ಈಗಲ್ಸ್, ಟಿಸಿ, ಹಳೆಯ ನ್ಯೂ ರೇಡಿಯಂಟ್. ಊರೆಂದರೆ ಒಂದೆರಡು ಚದರ ಕಿಲೋಮೀಟರ್. ಮ್ಯಾಚ್‌ಗಳು ಹೆಚ್ಚಾಗಿ ಗಲೊಳು ಭಾಗದ ನ್ಯಾಷನಲ್ ಸ್ಟೇಡಿಯಂನಲ್ಲೇ. ಮೊದಲು ದಿವೇಹಿ ಲೀಗ್ ಅಂತಿತ್ತು, 2015ರಲ್ಲಿ ಪ್ರೀಮಿಯರ್ ಲೀಗ್ ಆಯಿತು. 2016ರಲ್ಲಿ ಮಾಜಿಯಾ, 2017ರಲ್ಲಿ ನ್ಯೂ ರೇಡಿಯಂಟ್, 2018ರಲ್ಲಿ ಟಿಸಿ ಗೆದ್ದವು. ಆಮೇಲಿನ ವರ್ಷಗಳಲ್ಲಿ ಮಾಜಿಯಾದ್ದೇ ಜೋರು.

ಪ್ರಯಾಣದ ಆಯಾಸ ಇಲ್ಲ, ಮ್ಯಾಚ್‌ಗಳೂ ಬೇರೆ ದೇಶಗಳಷ್ಟಿಲ್ಲ. ಹಾಗಾದರೆ ಗಾಯವೂ ಕಮ್ಮಿ ಇರಬೇಕಲ್ವಾ? ಇರಲಿಲ್ಲ. ತೊಡೆಯ ಹಿಂಬದಿ, ತೊಡೆಸಂದು, ಇವೆರಡೇ ಮತ್ತೆ ಮತ್ತೆ. ಅದೂ ಲೀಗ್‌ಗೆ ಬಿಡುವಿದ್ದ ವಾರಗಳಲ್ಲೇ ಜಾಸ್ತಿ.

ಸೆಕೆ ಅಂತ ಹೇಳಿ ಮುಗಿಸಬಹುದಿತ್ತು. ಮಂಗಳೂರಿನಲ್ಲಿ ಓದಿದ ನನಗೆ ಅಂಟಂಟು ಬೆವರು ಹೊಸದೇನಲ್ಲ, ಆದರೆ ಮಾಲೆಯಲ್ಲಿ ಅದಕ್ಕೆ ರಜೆಯೇ ಇಲ್ಲ. ರಾತ್ರಿ ಮ್ಯಾಚ್‌ಗೂ ಆಟಗಾರರನ್ನು ಆಟಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ತೂಕ ಹಾಕುತ್ತಿದ್ದೆ. ಒಂದು ಕಿಲೋ ಇಳಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹೋಯಿತು ಅಂತ ಲೆಕ್ಕ. ಎರಡು ಕಿಲೋ ಇಳಿಸಿಕೊಂಡು ಬಂದವರೂ ಇದ್ದರು. 2021ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ಗೆ ಮಾಲೆಗೆ ಬಂದಿತ್ತು. 15ರಂದು ಈಗಲ್ಸ್ ವಿರುದ್ಧ 1-0, 24ರಂದು ಮಾಜಿಯಾ ವಿರುದ್ಧ 6-2, ನಡುವೆ ಇನ್ನೆರಡು ಮ್ಯಾಚ್. ಆ ಗಾಳಿಯಲ್ಲಿ ಮೂರು ದಿನಕ್ಕೊಂದು ಆಟ ಅಂದರೆ ಏನು ಅಂತ ಅವರ ಫಿಸಿಯೋಗಳನ್ನೇ ಕೇಳಬೇಕು. ಆದರೂ ಸೆಕೆ ಎಲ್ಲ ಕ್ಲಬ್‌ಗೂ ಒಂದೇ, ಎಲ್ಲ ವಾರವೂ ಒಂದೇ. ಬಿಡುವಿನ ವಾರದಲ್ಲಿ ಯಾಕೆ ಗಾಯ ಅನ್ನುವುದಕ್ಕೆ ಅದು ಉತ್ತರ ಆಗಲ್ಲ.

ಉತ್ತರ ಸಿಕ್ಕಿದ್ದು ಫೋನಿನಲ್ಲಿ. ನಮ್ಮ ವಿಂಗರ್ ಒಬ್ಬ ಬೆಳಿಗ್ಗೆ ಕಾಲು ಬಿಗಿಹಿಡಿದಿದೆ ಅಂತ ಬಂದ. ಹೊಟ್ಟೆ ಅಡಿಯಾಗಿ ಮಲಗಿಸಿ, ಮೊಣಕಾಲು ಮಡಿಸಿ, ಹಿಮ್ಮಡಿ ಹಿಡಿದು ಎದುರು ಎಳೆದರೆ ಮುಖ ಹಿಂಡಿದ. ಬೆರಳಿಟ್ಟರೆ ತೊಡೆಯ ಹಿಂದೆ, ಹೊರಬದಿಗೆ, ನಾಲ್ಕು ಬೆರಳಗಲ ನೋವು. "ನಿನ್ನೆ ಏನು ಮಾಡಿದೆ?" ಅಂದೆ. "ಏನಿಲ್ಲ ಡಾಕ್ಟರ್, ಮನೇಲಿ ಮಲಗಿದ್ದೆ" ಅಂದ. ಪಕ್ಕದಲ್ಲಿ ಕಿಟ್ ಮಡಿಸುತ್ತಿದ್ದ ಹುಡುಗ ನಗು ತಡೆಯಲಾಗದೆ ಫೋನ್ ತೋರಿಸಿದ. ಹಿಂದಿನ ರಾತ್ರಿಯ ಫುಟ್ಸಾಲ್, ಅಂದರೆ ಚಿಕ್ಕ ಅಂಗಣದಲ್ಲಿ ಐದೈದು ಜನ ಆಡುವ ಫುಟ್‌ಬಾಲ್ ಮ್ಯಾಚ್‌ನ ಲೈವ್. ನಮ್ಮ ವಿಂಗರ್ ಬೇರೆ ಬಣ್ಣದ ಜೆರ್ಸಿಯಲ್ಲಿ ಗೋಲು ಹೊಡೆದು ಕುಣಿಯುತ್ತಿದ್ದ.

ಇದರ ಹಿನ್ನೆಲೆ ಗೊತ್ತಿರಬೇಕು. ಮಾಲ್ಡೀವ್ಸ್‌ನಲ್ಲಿ ಆಟವನ್ನೇ ನಂಬಿ ಬದುಕುವ ಆಟಗಾರರು ಕಮ್ಮಿ. ಹೆಚ್ಚಿನವರಿಗೆ ಹಗಲು ಒಂದು ನೌಕರಿ ಇರುತ್ತದೆ. ಸರ್ಕಾರಿ ಕಚೇರಿ, ಬಂದರು, ವಿದ್ಯುತ್ ಕಂಪನಿ, ಪೊಲೀಸ್, ಹೀಗೆ. ಈ ಕಚೇರಿಗಳ ನಡುವೆಯೇ ಕ್ಲಬ್ ಮಾಲ್ಡೀವ್ಸ್ ಕಪ್ ಅಂತ ದೊಡ್ಡ ಫುಟ್ಸಾಲ್ ಟೂರ್ನಿ ನಡೆಯುತ್ತದೆ. ಕಚೇರಿ ಮಟ್ಟದ್ದು ಅಂತ ಸದರ ಮಾಡಬೇಡಿ, ಊರಿಗೆ ಊರೇ ಮಾತಾಡುವುದು ಅದನ್ನೇ. ರಾಷ್ಟ್ರೀಯ ತಂಡದವರೂ ತಮ್ಮ ಕಚೇರಿಗೆ ಆಡುತ್ತಾರೆ. ಅದು ಸಾಲದು ಅಂತ ದ್ವೀಪ-ದ್ವೀಪಗಳ ನಡುವಿನ ಫುಟ್ಸಾಲ್ ಟೂರ್ನಿ ಬೇರೆ. ಅಲ್ಲಿ ತಮ್ಮ ತಮ್ಮ ದ್ವೀಪಕ್ಕೆ ಆಡುತ್ತಾರೆ. ಒಟ್ಟು ಮೂರು ಜೆರ್ಸಿ. ಕ್ಲಬ್ಬಿನದು ಅದರಲ್ಲಿ ಒಂದು ಅಷ್ಟೇ.

ಯಾರು ಎಷ್ಟು ಆಡಿದರು ಅಂತ ಬರೆದಿಡುವ ನನ್ನ ಪುಸ್ತಕದಲ್ಲಿ ಮಾತ್ರ ಕ್ಲಬ್ಬಿನದೊಂದೇ ಇತ್ತು.

ಮೈಮೇಲೆ ಬಿದ್ದ ಹೊರೆ ಲೆಕ್ಕ ಹಾಕಿ ನೋಡಿ. ಅಭ್ಯಾಸ ಎಷ್ಟು ಕಷ್ಟ ಆಯಿತು ಅಂತ ಆಟಗಾರನನ್ನೇ ಕೇಳಿ, ಹತ್ತರೊಳಗೆ ಒಂದು ಅಂಕ ತಗೊಂಡು, ಅದನ್ನು ನಿಮಿಷಗಳಿಂದ ಗುಣಿಸುವುದು ನಮ್ಮ ಫಿಸಿಯೋಗಳ ಹಳೆಯ ಸುಲಭ ವಿಧಾನ. ದುಡ್ಡು ಖರ್ಚಿಲ್ಲ, ಪೆನ್ನು ಸಾಕು. ವಾರಕ್ಕೆ 60 ನಿಮಿಷದ ನಾಲ್ಕು ಅಭ್ಯಾಸ, ಅಂಕ 5 ಅಂದರೆ 1200. ಒಂದು ಲೀಗ್ ಮ್ಯಾಚ್, 90 ನಿಮಿಷ, ಅಂಕ 7 ಅಂದರೆ 630. ಒಟ್ಟು 1830. ಇದಕ್ಕೆ 40 ನಿಮಿಷದ ಎರಡು ಫುಟ್ಸಾಲ್ ಮ್ಯಾಚ್ ಸೇರಿಸಿ. ಫುಟ್ಸಾಲ್‌ಗೆ ಅಂಕ 9 ಹೇಳುತ್ತಾರೆ, ಸುಳ್ಳಲ್ಲ. ಚಿಕ್ಕ ಜಾಗ, ಓಡು, ನಿಲ್ಲು, ತಿರುಗು, ಮತ್ತೆ ಓಡು. 720 ಸೇರಿ 2550 ಆಯಿತು. ಒಟ್ಟು ಹೊರೆಯಲ್ಲಿ ಸುಮಾರು ಶೇಕಡ 28ರಷ್ಟು ನನ್ನ ಪುಸ್ತಕದ ಹೊರಗಿತ್ತು. ಲೀಗ್‌ಗೆ ಬಿಡುವು ಅಂತ ಕೋಚ್ ಅಭ್ಯಾಸ ಜೋರು ಮಾಡಿಸುತ್ತಿದ್ದ ವಾರದಲ್ಲೇ ಹುಡುಗರು ರಾತ್ರಿ ಫುಟ್ಸಾಲ್‌ನಲ್ಲಿ ಬೆವರಿಳಿಸುತ್ತಿದ್ದರು.

ಕೋಚ್‌ಗೆ ಹೇಳಿದ ಕೂಡಲೇ ನಿಷೇಧ ಅಂದರು. ಬೇರೆ ಕಡೆ ಆಡಿದರೆ ದಂಡ. ಕ್ಲಬ್ಬಿನವರಿಗೂ ಅದೇ ಇಷ್ಟ. ನಾನು ಬೇಡ ಅಂದೆ. ದೊಡ್ಡ ಮನಸ್ಸಿನಿಂದ ಅಲ್ಲ. ತಿಂಗಳ ಸಂಬಳ ತಪ್ಪದೆ ಕೊಡುವುದು ಆಫೀಸು. ಕ್ಲಬ್ಬಿನ ದುಡ್ಡು ಬಂದಾಗ ಬಂತು. ಆಫೀಸಿನ ಮೇಲಧಿಕಾರಿ "ಇವತ್ತು ಫೈನಲ್, ಬಾ" ಅಂದರೆ ಯಾವ ಹುಡುಗ ಇಲ್ಲ ಅಂತಾನೆ? ನಿಷೇಧ ಹಾಕಿದರೆ ಆಡುವುದು ನಿಲ್ಲಲ್ಲ, ಹೇಳುವುದು ನಿಲ್ಲುತ್ತದೆ. ಆಮೇಲೆ ನನಗೆ ಕಿಟ್ ಹುಡುಗನ ಫೋನೇ ಗತಿ.

ಹಾಗಾಗಿ ಪುಸ್ತಕದಲ್ಲಿ ಇನ್ನೆರಡು ಸಾಲು ಎಳೆದೆ. ಆಫೀಸು, ದ್ವೀಪ. ಬೆಳಿಗ್ಗೆ ಪ್ರಶ್ನೆ ಕೇಳುವ ರೀತಿಯೂ ಬದಲಾಯಿತು. "ಆಡಿದೆಯಾ?" ಅಂತಲ್ಲ, "ಎಷ್ಟು ನಿಮಿಷ ಆಡಿದೆ?" ಅಂತ. ಮೊದಲನೆಯದಕ್ಕೆ 'ಇಲ್ಲ' ಅನ್ನುವುದು ಸುಲಭ. ಎರಡನೆಯದಕ್ಕೆ ಆಟಗಾರನ ಬಾಯಲ್ಲಿ ತಾನಾಗಿ ಒಂದು ಸಂಖ್ಯೆ ಬರುತ್ತದೆ. ಪುಸ್ತಕ ಕೋಚ್‌ಗೆ ತೋರಿಸಲ್ಲ, ಒಟ್ಟು ಮೊತ್ತ ಮಾತ್ರ ಹೇಳುತ್ತೇನೆ ಅಂತ ಎಲ್ಲರ ಎದುರೇ ಮಾತು ಕೊಟ್ಟೆ. ಕೋಚ್ ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ಆ ಮೊತ್ತ ನೋಡಿಯೇ ಅಭ್ಯಾಸ ಕಡಿಮೆ ಮಾಡತೊಡಗಿದರು. ಸಿಟ್ಟು ಪೂರ್ತಿ ಹೋಯಿತು ಅಂತ ಹೇಳಲಾರೆ.

ಇನ್ನೊಂದು ಕೆಲಸ ಯಾವ ಕಾಲೇಜಲ್ಲೂ ಹೇಳಿಕೊಟ್ಟಿರಲಿಲ್ಲ. ಆಫೀಸ್ ತಂಡ ನೋಡಿಕೊಳ್ಳುವವರ ಜೊತೆ ಚಹಾ ಕುಡಿಯುವುದು. ಮಾಲೆಯ ಹೋಟೆಲ್‌ಗಳಲ್ಲಿ ಸಂಜೆ ಚಹಾದ ಜೊತೆ ಹೆದಿಕಾ ಅಂತ ಮೀನಿನ ತಿಂಡಿಗಳ ಸಾಲೇ ಬರುತ್ತದೆ. ಗುಳಾ, ಬಜಿಯಾ, ಎಲ್ಲದರಲ್ಲೂ ಟ್ಯೂನಾ. ಊರಿನ ಅರ್ಧ ವ್ಯವಹಾರ ಅಲ್ಲೇ ಮುಗಿಯುತ್ತದೆ. ಅವರಿಗೆ ನಾನು ಕೇಳಿದ್ದು ಇಷ್ಟೇ: ಲೀಗ್ ಮ್ಯಾಚ್ ಆದ ಮರುದಿನ ನಮ್ಮ ಆಟಗಾರನನ್ನು ಆಡಿಸಬೇಡಿ. ಆಡಿಸಲೇಬೇಕಾದರೆ ಅರ್ಧ ಆಟ ಮಾತ್ರ. ಬದಲಿಗೆ ನಿಮ್ಮ ಹುಡುಗರಿಗೂ ಕಾಲು ನೋಡಿಕೊಡುತ್ತೇನೆ. ಅವರಿಗೂ ಅವನು ಇಡೀ ಟೂರ್ನಿಗೆ ಬೇಕು, ಒಂದು ರಾತ್ರಿಗಲ್ಲ. ಒಪ್ಪಿದರು. ಕ್ಲಬ್ಬಿನವರು ಇದನ್ನು ಶತ್ರು ಪಾಳಯದ ಜೊತೆ ಸಂಧಾನ ಅನ್ನುವ ಹಾಗೆ ನೋಡಿದರು. ಎರಡು ಕಡೆಯವರೂ ಒಂದೇ ಬೀದಿಯ ನೆಂಟರು ಅನ್ನುವುದು ಬೇರೆ ಮಾತು.

ತೊಡೆಯ ಹಿಂಬದಿಯ ಗಾಯ ಪೂರ್ತಿ ನಿಂತಿತು ಅಂತ ಬರೆಯಲ್ಲ. ಆದರೆ ಮೊದಲ ದಿನದ ಬಿಗಿತಕ್ಕೇ ಹುಡುಗರು ಬರತೊಡಗಿದರು. ಅಷ್ಟರಲ್ಲೇ ಬಂದರೆ ಕೆಲವು ದಿನದ ವಿಶ್ರಾಂತಿಯಲ್ಲಿ ಸರಿಹೋಗುವುದುಂಟು. ಹರಿದ ಮೇಲೆ ಬಂದರೆ ವಾರಗಟ್ಟಲೆ ಹೊರಗೆ.

ರಂಜಾನ್ ತಿಂಗಳಿನ ಲೆಕ್ಕ ಬೇರೆಯದೇ. ಉಪವಾಸ ಬಿಟ್ಟ ಮೇಲೆ ಆಟ, ಅಭ್ಯಾಸ ಎಲ್ಲ ತಡರಾತ್ರಿ. ಆಗ ನಾನು ಹೊರೆಗಿಂತ ನಿದ್ದೆಯನ್ನೇ ಬರೆದುಕೊಳ್ಳುತ್ತಿದ್ದೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಮೂರನೇ ಸಾಲು, ದ್ವೀಪದ್ದು, ಕೊನೆಯವರೆಗೂ ನನ್ನ ಕೈಗೆ ಸಿಗಲಿಲ್ಲ. ಆಫೀಸಿಗೆ ಒಬ್ಬ ಮ್ಯಾನೇಜರ್ ಇರುತ್ತಾನೆ, ಚಹಾ ಕುಡಿದು ಮಾತಾಡಬಹುದು. ದ್ವೀಪದ ತಂಡಕ್ಕೆ ಚಿಕ್ಕಪ್ಪ, ಮಾವ, ಹಳೆಯ ಶಾಲೆಯ ಮೇಷ್ಟ್ರು, ಬೋಟ್‌ನಲ್ಲಿ ಬಂದಿಳಿದ ಅರ್ಧ ಊರು. ನಮ್ಮ ಸೆಂಟರ್ ಬ್ಯಾಕ್ ಒಬ್ಬನಿಗೆ ತೊಡೆಸಂದು ಊದಿತ್ತು, ಕುಂಟುತ್ತಿದ್ದ. "ಈ ಸಲ ಬಿಡಪ್ಪ" ಅಂದೆ. "ಸರ್, ನೀವು ಬೇಕಾದರೆ ಅಮ್ಮನಿಗೆ ಫೋನ್ ಮಾಡಿ ಹೇಳಿ" ಅಂದ. ಮಾಡಿದೆ. ಅವರು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು. ಕೊನೆಗೆ, ಮ್ಯಾಚ್ ಎಷ್ಟು ಹೊತ್ತಿಗೆ, ಲೈವ್ ಯಾವುದರಲ್ಲಿ ಬರುತ್ತದೆ ಅಂತ ನನ್ನನ್ನೇ ಕೇಳಿದರು.