ಸುಮ್ಮನಾದ ಹಲ್ಲು

ಮೂರು ವರ್ಷಗಳ ಹಿಂದೆ, ದೀಪಾವಳಿಯ ಆಸುಪಾಸಿನಲ್ಲಿ, ಕೆಳಗಿನ ಸಾಲಿನ ಎಡಗಡೆಯ ದವಡೆಹಲ್ಲೊಂದು ಹನ್ನೆರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಹಗಲಿನಲ್ಲಿ ಹೇಗೋ ತಾಳಿಕೊಳ್ಳುತ್ತಿದ್ದ ನೋವು ದಿಂಬಿಗೆ ತಲೆ ಕೊಟ್ಟೊಡನೆ ಕಿವಿಯವರೆಗೂ ಸಿಡಿಯುತ್ತಿತ್ತು. ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ, ಉಪ್ಪುನೀರು, ಔಷಧದಂಗಡಿಯ ಮಾತ್ರೆ ಎಲ್ಲವೂ ಆದವು. ಹದಿಮೂರನೆಯ ದಿನ ಬೆಳಗ್ಗೆ ಎದ್ದಾಗ ನೋವೇ ಇರಲಿಲ್ಲ. ಅನುಮಾನದಿಂದಲೇ ಬಿಸಿ ಕಾಫಿಯನ್ನು ಆ ಹಲ್ಲಿನ ಮೇಲೆ ಹಾಯಿಸಿ ನೋಡಿದೆ, ಏನೂ ಆಗಲಿಲ್ಲ. ಗುಣವಾಯಿತೆಂದು ತೀರ್ಮಾನಿಸಿ, ದಂತವೈದ್ಯರಲ್ಲಿಗೆ ಹೋಗುವುದಾಗಿ ಮನೆಯಲ್ಲಿ ಕೊಟ್ಟಿದ್ದ ಮಾತನ್ನು ನೆಮ್ಮದಿಯಿಂದ ಮುರಿದೆ. ಎಂಟು ತಿಂಗಳ ನಂತರ ಒಂದು ಬೆಳಗ್ಗೆ ಮುಖದ ಎಡಭಾಗ ಊದಿಕೊಂಡು, ಬಾಯಿಗೆ ಚಮಚ ಹೋಗುವುದೂ ಕಷ್ಟವಾದಾಗ, ಆ ಹಲ್ಲು ಗುಣವಾಗಿರಲಿಲ್ಲ, ಸತ್ತಿತ್ತು ಎಂಬುದು ತಿಳಿಯಿತು.

ಮೈಯ ಬೇರೆಡೆ ಗಾಯವಾದರೆ ಮಾಂಸಕ್ಕೆ ಊದಿಕೊಳ್ಳಲು ಜಾಗವಿರುತ್ತದೆ. ಹಲ್ಲಿನೊಳಗಿನ ಮೆತ್ತನೆಯ ತಿರುಳಿಗೆ, ಅಂದರೆ ರಕ್ತನಾಳವೂ ನರವೂ ಇರುವ ಆ ಭಾಗಕ್ಕೆ, ಸುತ್ತಲೂ ಗಟ್ಟಿ ಗೋಡೆ. ಹುಳುಕು ಅಲ್ಲಿಗೆ ಮುಟ್ಟಿ ಉರಿಯೂತ ಶುರುವಾದರೆ ಒತ್ತಡ ಹೊರಹೋಗಲು ದಾರಿಯಿಲ್ಲ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರುವುದರಿಂದ ರಾತ್ರಿಯ ನೋವು ಹೆಚ್ಚು. ಕೊನೆಗೆ ರಕ್ತದ ಹರಿವು ನಿಂತು, ತಿರುಳು ಸತ್ತು, ನರ ಮೌನವಾಗುತ್ತದೆ. ರೋಗಿ ಇದನ್ನು ಗುಣವೆಂದು ತಿಳಿಯುತ್ತಾನೆ. ರೋಗಾಣುಗಳು ಮಾತ್ರ ಬೇರಿನ ತುದಿಯ ಸಣ್ಣ ರಂಧ್ರದ ಮೂಲಕ ಎಲುಬಿನ ಕಡೆಗೆ ಸದ್ದಿಲ್ಲದೆ ಸಾಗಿರುತ್ತವೆ. ನನ್ನ ಎಕ್ಸ್-ರೇಯಲ್ಲಿ ಬೇರಿನ ತುದಿಗೆ ಅಂಟಿಕೊಂಡಂತೆ ಉದ್ದಿನಕಾಳಿನಷ್ಟು ಕಪ್ಪು ನೆರಳಿತ್ತು. ಎಲುಬು ಕರಗಿದ ಜಾಗ ಅದು.

ನಾನು ಹೋಗದೆ ಉಳಿದದ್ದು ಸೂಜಿಯ ಭಯಕ್ಕೆ. ಶಾಲಾದಿನಗಳಲ್ಲಿ ಹಲ್ಲು ಕೀಳಿಸಿಕೊಂಡ ನೆನಪು ಅಷ್ಟು ಆಳವಾಗಿತ್ತು. ಆದರೆ ಮರಗಟ್ಟಿಸುವ ಔಷಧದ ಬಗ್ಗೆ ವೈದ್ಯೆ ಹೇಳಿದ ಒಂದು ಮಾತು ನನ್ನನ್ನು ನಾಚಿಸಿತು. 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಡೊಕೇಯ್ನ್ ಇಂದಿಗೂ ದಂತವೈದ್ಯರ ಕೈಯಲ್ಲಿರುವ ಮುಖ್ಯ ಔಷಧ. ಆರೋಗ್ಯವಾದ ಅಂಗಾಂಶದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಕೀವು ತುಂಬಿದ ಜಾಗ ಆಮ್ಲೀಯವಾಗಿರುವುದರಿಂದ ಅಲ್ಲಿ ಅದರ ಬಲ ಕುಗ್ಗುತ್ತದೆ. ಎಂದರೆ, ನೋಯುತ್ತದೆಂದು ಹೆದರಿ ಮುಂದೂಡಿದಷ್ಟೂ ನಿಜಕ್ಕೂ ನೋಯುವ ಸಂಭವವನ್ನು ನಾನೇ ಹೆಚ್ಚಿಸಿಕೊಂಡಿದ್ದೆ. ಸೂಜಿ ಕೊಟ್ಟ ಒಂದೆರಡು ನಿಮಿಷ ಎದೆ ಡವಗುಟ್ಟಿದ್ದಕ್ಕೆ, ಔಷಧ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲಲೆಂದು ಬೆರೆಸಿದ ಅಡ್ರಿನಲಿನ್ ಕಾರಣವೆಂದು ಆಕೆ ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಹೃದಯದ ತೊಂದರೆಯೋ ರಕ್ತದೊತ್ತಡವೋ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮುಂಚಿತವಾಗಿ ಹೇಳಲೇಬೇಕು. ಹಾಗೆಂದು ಆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿ ಹೋಗುವುದು ಹಲ್ಲುನೋವಿಗಿಂತ ದೊಡ್ಡ ಅಪಾಯ.

ಕೀವು ಹೊರಬಿಟ್ಟು, ಊತ ಇಳಿದ ಮೇಲೆ ರೂಟ್ ಕೆನಾಲ್, ಅಂದರೆ ಸತ್ತ ತಿರುಳನ್ನು ತೆಗೆದು ಬೇರಿನ ಒಳಗನ್ನು ತೊಳೆದು ತುಂಬುವ ಚಿಕಿತ್ಸೆ, ಆಯಿತು. ಹೆಸರಿಗಿರುವ ಭೀಕರತೆ ಕೆಲಸದಲ್ಲಿಲ್ಲ, ಇರುವುದು ಬೇಸರ. ಬಾಯಿಗೆ ರಬ್ಬರಿನ ಹಾಳೆ ಕಟ್ಟಿ ಆ ಒಂದೇ ಹಲ್ಲನ್ನು ಹೊರಗೆ ಉಳಿಸುತ್ತಾರೆ. ತಟ್ಟೆಯಲ್ಲಿ ಬಿಳಿ, ಹಳದಿ, ಕೆಂಪು, ನೀಲಿ ಹಿಡಿಗಳ, ಬೇರಿನ ಒಳಗನ್ನು ಉಜ್ಜುವ ಸೂಜಿಯಂಥ ತೆಳ್ಳನೆಯ ಫೈಲುಗಳು ದಪ್ಪದ ಕ್ರಮದಲ್ಲಿ ಸಾಲಾಗಿದ್ದವು. ಬೇರಿನ ತುದಿ ಸಮೀಪಿಸಿದಂತೆ ಒಂದು ಪುಟ್ಟ ಯಂತ್ರ ಬೀಪ್ ಬೀಪ್ ಎಂದು ಅವಸರಪಡುತ್ತಿತ್ತು. ತೊಳೆಯಲು ಬಳಸಿದ ದ್ರವಕ್ಕೆ ಮಳೆಗಾಲದಲ್ಲಿ ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿನೀರಿನದೇ ವಾಸನೆ. ಆ ಹೊತ್ತಿನಲ್ಲಿ ನನಗಾದ ದೊಡ್ಡ ಕಷ್ಟವೆಂದರೆ ಬಾಯಿ ತೆರೆದೇ ಇಟ್ಟು ದವಡೆ ಸೋತದ್ದು, ಆಮೇಲೆ ಮರಗಟ್ಟಿದ ತುಟಿಯನ್ನು ತಿಳಿಯದೆ ಕಚ್ಚಿಕೊಂಡದ್ದು.

ನೋವಿನಷ್ಟೇ ಜನರನ್ನು ದೂರವಿಡುವ ಇನ್ನೊಂದು ಅಂಜಿಕೆ ಖರ್ಚಿನದು, ಅದಕ್ಕಿಂತಲೂ ಮೋಸದ್ದು. ನಾನು ಮೊದಲು ಹೋದ ಚಿಕಿತ್ಸಾಲಯದಲ್ಲಿ ಒಂದು ಹಲ್ಲು ತೋರಿಸಲು ಹೋದವನಿಗೆ ನಾಲ್ಕು ಹಲ್ಲಿಗೆ ಕ್ಯಾಪ್ ಹಾಕಬೇಕೆಂದರು. ಅದೇ ಎಕ್ಸ್-ರೇಯನ್ನು ನೋಡಿದ ಎರಡನೆಯ ವೈದ್ಯೆ, ಒಂದಕ್ಕೆ ರೂಟ್ ಕೆನಾಲ್ ಮತ್ತು ಕ್ಯಾಪ್, ಇನ್ನೊಂದಕ್ಕೆ ಸಾಧಾರಣ ಫಿಲ್ಲಿಂಗ್, ಉಳಿದೆರಡು ಬರೀ ಕಲೆ ಎಂದರು. ಮೊದಲಿನವರು ವಂಚಕರೆಂದು ನಾನು ಹೇಳುವುದಿಲ್ಲ, ಏಕೆಂದರೆ ಆರಂಭದ ಹುಳುಕನ್ನು ಕೂಡಲೇ ಕೊರೆಯಬೇಕೋ ಕಾದು ನೋಡಬೇಕೋ ಎಂಬಲ್ಲಿ ಪ್ರಾಮಾಣಿಕರಲ್ಲೂ ಭಿನ್ನಾಭಿಪ್ರಾಯವಿರುತ್ತದೆ. ಆದರೆ ಎಕ್ಸ್-ರೇಯಲ್ಲಿ ತೊಂದರೆ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿ ಎಂದು ಕೇಳುವುದು, ಯಾವ ಕೆಲಸ ತುರ್ತು ಯಾವುದು ಆರು ತಿಂಗಳು ಕಾಯಬಲ್ಲದು ಎಂದು ವಿಚಾರಿಸುವುದು, ಮೊತ್ತವನ್ನು ಬರೆಸಿಕೊಳ್ಳುವುದು ರೋಗಿಯ ಹಕ್ಕು. ಈ ಪ್ರಶ್ನೆಗಳಿಗೆ ಸಿಡುಕುವವರ ಕುರ್ಚಿಯಿಂದ ಎದ್ದು ಬರಬಹುದು. ಹಣದ ಅಡಚಣೆ ಇರುವವರಿಗೆ ದಂತವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. 1958ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ಕಾಲೇಜಿನಿಂದ ಹಿಡಿದು ಮಣಿಪಾಲ, ದಾವಣಗೆರೆ, ಧಾರವಾಡಗಳವರೆಗೆ ಇಂಥ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುವುದರಿಂದ ಹೊತ್ತು ಹಿಡಿಯುತ್ತದೆ, ಖರ್ಚು ಇಳಿಯುತ್ತದೆ.

ನನ್ನ ಅನುಭವದ ಬಲದಿಂದ ಅಮ್ಮನನ್ನು ಒಪ್ಪಿಸಲು ಹೊರಟಾಗ ಬೇರೆಯೇ ಭಯಗಳು ಎದುರಾದವು. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬುದು ಅವಳ ದೃಢ ನಂಬಿಕೆ. ಪಕ್ಕದ ಮನೆಯ ಅಜ್ಜಿಗೆ ಹಾಗೆಯೇ ಆಯಿತಂತೆ. ಮೇಲಿನ ಹಲ್ಲುಗಳ ನರ ಕಣ್ಣಿನ ಕೆಳಗೆ ಹಾಯುವುದು ಹೌದು, ಆದರೆ ನೋಟದ ನರವೇ ಬೇರೆ. ಹಲ್ಲು ಅಲುಗಾಡುವ ವಯಸ್ಸೂ ಪೊರೆ ಬರುವ ವಯಸ್ಸೂ ಒಂದೇ ಆದದ್ದರಿಂದ ಈ ನಂಟು ಹುಟ್ಟಿಕೊಂಡಿರಬೇಕೆಂದು ನನ್ನ ಊಹೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಅಪ್ಪನ ತಕರಾರಿನಲ್ಲಂತೂ ಅರ್ಧ ಸತ್ಯವಿದೆ. ವರ್ಷಗಟ್ಟಲೆ ಕಟ್ಟಿದ ಗಾರೆ ವಸಡನ್ನೂ ಎಲುಬನ್ನೂ ಕೆಳಗೆ ತಳ್ಳಿ, ಕೊನೆಗೆ ತಾನೇ ಸಿಮೆಂಟಿನಂತೆ ಹಲ್ಲುಗಳನ್ನು ಹಿಡಿದು ನಿಂತಿರುತ್ತದೆ. ಅದನ್ನು ತೆಗೆದ ದಿನ ಮೊದಲೇ ಆಗಿದ್ದ ನಷ್ಟ ಕಣ್ಣಿಗೆ ಬೀಳುತ್ತದೆ, ಹೆಸರು ಮಾತ್ರ ವೈದ್ಯರದು ಕೆಡುತ್ತದೆ.

ಅಮ್ಮನ ನಿಜವಾದ ಅಡ್ಡಿ ಇವೆರಡೂ ಅಲ್ಲವೆಂದು ತಡವಾಗಿ ಗೊತ್ತಾಯಿತು. ನಲವತ್ತು ವರ್ಷ ಎಲೆ-ಅಡಿಕೆ ಹಾಕಿ ಕೆಂಪಾದ ಹಲ್ಲನ್ನು, ಮಗಳ ವಯಸ್ಸಿನ ಡಾಕ್ಟರ ಮುಂದೆ ತೆರೆದು ತೋರಿಸಲು ಅವಳಿಗೆ ನಾಚಿಕೆ. ತೋರಿಸಬೇಕಾದ ಕಾರಣವೂ ಅದೇ ಆಗಿತ್ತು: ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ತೋಟದ ದುಡ್ಡಿನಲ್ಲಿ ಓದಿದ ನಾನು ಇದನ್ನು ಬರೆಯುವಾಗ ಸ್ವಲ್ಪ ಹಿಂಜರಿಯುತ್ತೇನೆ, ಆದರೂ ಬಿಡುವಂತಿಲ್ಲ. ಖಾರ ತಿಂದರೆ ಬಾಯಿ ಉರಿಯುವುದು, ಬಾಯಿ ಮೊದಲಿನಷ್ಟು ತೆರೆಯದಿರುವುದು, ಕೆನ್ನೆಯೊಳಗೆ ಮಾಯದ ಬಿಳಿ ಮಚ್ಚೆ, ಇವಕ್ಕೆ ಹಲ್ಲುನೋವು ಬರಲೆಂದು ಕಾಯಬಾರದು.

ಅಂತೂ ಕಳೆದ ತಿಂಗಳು ಅವಳು ಬಂದಳು. ವೈದ್ಯೆ ಕೆಂಪು ಹಲ್ಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ; "ಅಮ್ಮಾ, ಏನೇ ಅನ್ನಿಸಿದರೂ ಎಡಗೈ ಎತ್ತಿ, ನಾನು ನಿಲ್ಲಿಸುತ್ತೇನೆ" ಎಂದಷ್ಟೇ ಹೇಳಿದರು. ಪೂರ್ತಿ ದವಡೆಯ ಎಕ್ಸ್-ರೇಗಾಗಿ ಓಲೆ, ಮೂಗುಬೊಟ್ಟು ತೆಗೆಯಬೇಕೆಂದಾಗ ಮಾತ್ರ ಸಣ್ಣದೊಂದು ವಾಗ್ವಾದವಾಯಿತು. ಬಾಯಿಯೊಳಗೆ ಮಚ್ಚೆಗಳಿರಲಿಲ್ಲ. ಕುರ್ಚಿಯಲ್ಲಿ ಅಮ್ಮ ಕೈ ಎತ್ತಿದ್ದು ಒಂದೇ ಸಲ. ಉಪಕರಣ ಕೂಡಲೇ ನಿಂತಿತು. ನೋವಾಯಿತೇ ಎಂದು ಕೇಳಿದರೆ, "ಇಲ್ಲ, ನಿಲ್ಲಿಸ್ತೀರೋ ಇಲ್ವೋ ನೋಡಿದೆ" ಎಂದಳು.